ಒಂದೇ ಪಂಕ್ತಿ, ಹಲವು ಪಥ್ಯ

ಊಟಕ್ಕೆ ಕರೆಯುವ ಮನೆಯವರಿಗೆಲ್ಲ ಪರಿಚಿತವಾದ ಮಾತೊಂದು ಕನ್ನಡದಲ್ಲಿದೆ. ಅದು ‘ಆಗುವುದಿಲ್ಲ’ ಎಂಬುದು. “ನನಗೆ ಹಾಲು ಆಗುವುದಿಲ್ಲ” ಎಂದು ಒಬ್ಬರು ಹೇಳುತ್ತಾರೆ. “ನಮ್ಮ ಹುಡುಗನಿಗೆ ಕಡಲೆಕಾಯಿ ಆಗುವುದಿಲ್ಲ” ಎಂದು ಮತ್ತೊಬ್ಬರು. “ನಮ್ಮ ತಂದೆಯವರಿಗೆ ಸಿಹಿ ಆಗುವುದಿಲ್ಲ”, “ನಮ್ಮಲ್ಲಿ ಈರುಳ್ಳಿ ಬೆಳ್ಳುಳ್ಳಿ ಆಗುವುದಿಲ್ಲ” ಎಂದು ಇನ್ನಿಬ್ಬರು. ವ್ಯಾಕರಣದ ದೃಷ್ಟಿಯಿಂದ ಈ ನಾಲ್ಕೂ ಒಂದೇ ಅಚ್ಚಿನ ವಾಕ್ಯಗಳು. ಶರೀರಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಇವುಗಳಿಗೆ ಪರಸ್ಪರ ಸಂಬಂಧವೇ ಇಲ್ಲ. ಹಾಲು ಆಗದವರು ಒಂದು ಲೋಟ ಮಜ್ಜಿಗೆಯನ್ನು ನಿಶ್ಚಿಂತೆಯಿಂದ ಕುಡಿಯಬಲ್ಲವರಾಗಿರಬಹುದು. ಕಡಲೆಕಾಯಿ ಆಗದ ಹುಡುಗನಿಗೆ ಚಿತ್ರಾನ್ನದ ಸೌಟಿನಿಂದ ಬಡಿಸಿದ ಬಿಳಿಯ ಅನ್ನವೂ ಪ್ರಾಣಕ್ಕೆ ಸಂಚಕಾರ ತರಬಹುದು. ಸಿಹಿ ಆಗದ ಹಿರಿಯರಿಗೆ ಒಂದು ಚಮಚ ಪಾಯಸಕ್ಕಿಂತ ಊಟ ಒಂದು ಗಂಟೆ ತಡವಾಗುವುದೇ ಹೆಚ್ಚು ಅಪಾಯಕರವಾಗಬಹುದು. ನಾಲ್ಕನೆಯವರ ನಿಷೇಧಕ್ಕೆ ದೇಹ ಕಾರಣವಲ್ಲ, ವ್ರತ ಕಾರಣ. ಆದರೂ ಅಡಿಗೆಮನೆಯಲ್ಲಿ ಅದು ಯಾವ ಬಗೆಯ ಎಚ್ಚರವನ್ನು ಬೇಡುತ್ತದೆಂಬುದನ್ನು ಮುಂದೆ ನೋಡೋಣ.

ಹಿಂದೆ ಔತಣಕ್ಕೆ ಬರುತ್ತಿದ್ದವರು ಬಹುಮಟ್ಟಿಗೆ ಬಂಧುಬಳಗದವರು. ಅವರ ಪಥ್ಯವೇನೆಂಬುದು ಮನೆಯ ಹಿರಿಯ ಹೆಂಗಸರಿಗೆ ಬಾಯಿಪಾಠವಾಗಿತ್ತು. ಈಗ ಗೃಹಪ್ರವೇಶದ ಪಂಕ್ತಿಯಲ್ಲಿ ಕಚೇರಿಯ ಸ್ನೇಹಿತರು, ಮೇಲಿನ ಮಹಡಿಯ ಗುಜರಾತಿ ಕುಟುಂಬ, ದೆಹಲಿಯಿಂದ ಬಂದ ಸಹೋದ್ಯೋಗಿ ಎಲ್ಲರೂ ಕುಳಿತಿರುತ್ತಾರೆ. ಹಿಂದೆ ಹೆಸರಿಲ್ಲದೆ ಇದ್ದ ವ್ಯಾಧಿಗಳಿಗೆ ವೈದ್ಯರು ಈಗ ಹೆಸರನ್ನೂ ಕೊಟ್ಟಿದ್ದಾರೆ. ಇಂಥ ಸಂದರ್ಭದಲ್ಲಿ ಗೃಹಸ್ಥರು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಎಲ್ಲರಿಗೂ ಎಲ್ಲವನ್ನೂ ಬಿಟ್ಟು ಸಪ್ಪೆಯ ಅಡಿಗೆ ಮಾಡಿಸುವುದು ಒಂದು ದಾರಿ; “ಒಂದು ದಿನಕ್ಕೆ ಏನೂ ಆಗದು, ತಿನ್ನಿ” ಎಂದು ಬಲವಂತ ಮಾಡುವುದು ಮತ್ತೊಂದು. ಎರಡೂ ಅಜ್ಞಾನದಿಂದ ಹುಟ್ಟಿದವು. ಅತಿಥಿಯ ದೇಹದಲ್ಲಿ ಆ ಪದಾರ್ಥ ಏನು ಮಾಡುತ್ತದೆ, ಎಷ್ಟು ಪ್ರಮಾಣದಲ್ಲಿ ಮಾಡುತ್ತದೆ ಎಂಬುದನ್ನು ತಿಳಿದವರಿಗೆ ಈ ಎರಡರ ಅಗತ್ಯವೂ ಬೀಳುವುದಿಲ್ಲ.

ಹಾಲಿನಿಂದಲೇ ಆರಂಭಿಸೋಣ. ಹಾಲಿನ ಸಿಹಿಗೆ ಕಾರಣವಾದದ್ದು ಲ್ಯಾಕ್ಟೋಸ್ ಎಂಬ ಸಕ್ಕರೆ. ನೂರು ಮಿಲಿಲೀಟರು ಹಸುವಿನ ಹಾಲಿನಲ್ಲಿ ಇದು ಸುಮಾರು ೫ ಗ್ರಾಮಿನಷ್ಟು ಇರುತ್ತದೆ. ಈ ಸಕ್ಕರೆಯ ಕಣ ಎರಡು ಚಿಕ್ಕ ಸಕ್ಕರೆಗಳ ಜೋಡಿ. ಜೋಡಿಯನ್ನು ಬಿಡಿಸದೆ ಸಣ್ಣ ಕರುಳು ಅದನ್ನು ಹೀರಲಾರದು. ಬಿಡಿಸುವ ಕೆಲಸ ಲ್ಯಾಕ್ಟೇಸ್ ಎಂಬ ಕಿಣ್ವದ್ದು. ಮೊಲೆಯುಣ್ಣುವ ಮರಿಗಳೆಲ್ಲವುಗಳ ಕರುಳಿನಲ್ಲಿ ಈ ಕಿಣ್ವ ಯಥೇಚ್ಛವಾಗಿರುತ್ತದೆ. ಹಾಲು ಬಿಟ್ಟ ಮೇಲೆ ಪ್ರಕೃತಿ ಅದರ ಉತ್ಪತ್ತಿಯನ್ನು ಇಳಿಸುತ್ತದೆ. ಬೆಕ್ಕಿಗೂ ಹೀಗೆ, ಕರುವಿಗೂ ಹೀಗೆ, ಮನುಷ್ಯರಲ್ಲಿ ಹೆಚ್ಚಿನವರಿಗೂ ಹೀಗೆ. ಪ್ರಪಂಚದ ವಯಸ್ಕರಲ್ಲಿ ಸುಮಾರು ಮೂರನೆಯ ಎರಡು ಪಾಲು ಜನರಲ್ಲಿ ಈ ಕಿಣ್ವ ಕಡಿಮೆಯಾಗಿರುತ್ತದೆ. ದನ ಸಾಕಿ ಹಾಲುಂಡ ಕೆಲವು ಜನಾಂಗಗಳಲ್ಲಿ ಮಾತ್ರ, ಕಳೆದ ಹತ್ತು ಸಾವಿರ ವರ್ಷಗಳೊಳಗೆ, ಆನುವಂಶಿಕ ಬದಲಾವಣೆಯೊಂದು ನೆಲೆಯೂರಿ ಕಿಣ್ವವನ್ನು ಮುಪ್ಪಿನವರೆಗೂ ಉಳಿಸಿತು. ಭಾರತದಲ್ಲಿ ಈ ಬದಲಾವಣೆ ವಾಯವ್ಯದಲ್ಲಿ ಹೆಚ್ಚಾಗಿಯೂ ದಕ್ಷಿಣದಲ್ಲಿ ಕಡಿಮೆಯಾಗಿಯೂ ಕಾಣುತ್ತದೆ. ಆದುದರಿಂದ ಹಾಲು ಆಗದಿರುವುದನ್ನು ರೋಗವೆಂದು ಕರೆಯುವುದಕ್ಕಿಂತ, ಹಾಲು ಆಗುವುದನ್ನೇ ಒಂದು ವಿಶೇಷವೆಂದು ಕರೆಯುವುದು ಹೆಚ್ಚು ಸರಿಯೇನೋ!

ಕಿಣ್ವ ಸಾಲದೆ ಹೋದಾಗ ಲ್ಯಾಕ್ಟೋಸ್ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿರುವ ಬ್ಯಾಕ್ಟೀರಿಯಗಳು ಅದನ್ನು ಹುಳಿಯಿಸಿ ಜಲಜನಕವೇ ಮೊದಲಾದ ಅನಿಲಗಳನ್ನು ಹೊರಡಿಸುತ್ತವೆ. ಸಕ್ಕರೆ ನೀರನ್ನೂ ತನ್ನೆಡೆಗೆ ಸೆಳೆಯುತ್ತದೆ. ಹೊಟ್ಟೆಯುಬ್ಬರ, ನುಲಿತ, ಭೇದಿ. ಸಂಕಟವೇನೋ ನಿಜ, ಆದರೆ ಪ್ರಾಣಾಪಾಯವಿಲ್ಲ. ಮುಖ್ಯ ಸಂಗತಿಯೆಂದರೆ, ಈ ಸಂಕಟ ಪ್ರಮಾಣವನ್ನು ಅವಲಂಬಿಸಿದೆ. ಇಂಥವರಲ್ಲಿ ಬಹುಮಂದಿ ಒಂದು ಸಲಕ್ಕೆ ೧೨ ಗ್ರಾಮಿನಷ್ಟು ಲ್ಯಾಕ್ಟೋಸನ್ನು, ಎಂದರೆ ಒಂದು ಲೋಟ ಹಾಲನ್ನು, ಹೆಚ್ಚಿನ ತೊಂದರೆಯಿಲ್ಲದೆ ಸಹಿಸಬಲ್ಲರು. ಊಟದ ಜೊತೆಯಲ್ಲಾದರೆ ಇನ್ನೂ ಸುಲಭವಾಗಿ. ಮೊಸರಿನಲ್ಲಿ ಲ್ಯಾಕ್ಟೋಸಿನ ಒಂದು ಭಾಗ ಆಗಲೇ ಹುಳಿಯಾಗಿ ಮಾರ್ಪಟ್ಟಿರುತ್ತದೆ. ಮೇಲಾಗಿ ಮೊಸರಿನ ಬ್ಯಾಕ್ಟೀರಿಯಗಳು ತಮ್ಮದೇ ಕಿಣ್ವವನ್ನು ಕರುಳಿಗೆ ಕೊಂಡೊಯ್ದು ಸಹಾಯ ಮಾಡುತ್ತವೆ. ತುಪ್ಪದಲ್ಲಿ ಲ್ಯಾಕ್ಟೋಸ್ ಇಲ್ಲವೆಂದೇ ಹೇಳಬಹುದು. ಆದರೆ ಪೇಡದ ವಿಷಯ ಬೇರೆ. ಖೋವಾ ಮಾಡುವಾಗ ಆವಿಯಾಗಿ ಹೋಗುವುದು ನೀರು ಮಾತ್ರ. ಸಕ್ಕರೆ ಅಲ್ಲಿಯೇ ಉಳಿದು ಸಾಂದ್ರವಾಗುತ್ತದೆ. ಹಾಲಿನ ಪಾಯಸ, ಧಾರವಾಡ ಪೇಡ, ಕೊನೆಗೊಂದು ಲೋಟ ಕಾಫಿ ಎಲ್ಲವೂ ಒಂದೇ ಊಟದಲ್ಲಿ ಸೇರಿದರೆ ಹನ್ನೆರಡು ಗ್ರಾಮಿನ ಗೆರೆ ದಾಟಿಹೋಗುತ್ತದೆ. ಮೂರರಲ್ಲಿ ಒಂದನ್ನು ಆರಿಸಿಕೊಳ್ಳಲು ಬಿಟ್ಟರೆ ಅತಿಥಿ ಸುಖವಾಗಿ ಮನೆಗೆ ಹೋಗುತ್ತಾರೆ.

ಇದೇ “ಹಾಲು ಆಗುವುದಿಲ್ಲ” ಎಂಬ ಮಾತನ್ನು ಬೇರೊಬ್ಬರು ಹೇಳಿದಾಗ ಅರ್ಥ ತೀರ ಬೇರೆಯಾಗಬಹುದು. ಅವರ ದೇಹಕ್ಕೆ ಒಗ್ಗದಿರುವುದು ಹಾಲಿನ ಸಕ್ಕರೆಯಲ್ಲ, ಹಾಲಿನ ಪ್ರೋಟೀನು. ಹಳೆಯ ಪುಸ್ತಕಗಳಲ್ಲಿ ಇದನ್ನೇ ಸಸಾರಜನಕವೆಂದು ಬರೆಯುತ್ತಿದ್ದರು. ಅಂಥವರಿಗೆ ಮೊಸರೂ ಹಾಲೂ ಒಂದೇ. ನಮ್ಮ ಪಂಕ್ತಿಯಲ್ಲಿ ಊಟಕ್ಕೆ ಮೊದಲು ಎಲೆಗೆ ಹನಿಸುವ ಅಭಿಘಾರದ ತುಪ್ಪವಿದೆಯಲ್ಲ, ಲ್ಯಾಕ್ಟೋಸ್ ಒಗ್ಗದವರಿಗೆ ಅದು ನಿರುಪದ್ರವಿ. ಪ್ರೋಟೀನು ಒಗ್ಗದವರಿಗೆ ಆ ಹನಿಯಲ್ಲಿ ಉಳಿದಿರಬಹುದಾದ ಲೇಶವೂ ಸಂದೇಹಾಸ್ಪದ. ಒಂದೇ ಮಾತಿನ ಹಿಂದೆ ಇರುವ ಈ ಎರಡು ಶರೀರಸ್ಥಿತಿಗಳನ್ನು ಬೇರ್ಪಡಿಸಿ ತಿಳಿದುಕೊಂಡ ಗೃಹಿಣಿ ಔತಣದ ವಿಜ್ಞಾನದಲ್ಲಿ ಅರ್ಧವನ್ನು ಕಲಿತಂತೆಯೇ ಸರಿ.

ಈ ಎರಡನೆಯ ಬಗೆಯದನ್ನು ಅಲರ್ಜಿ ಎನ್ನುತ್ತಾರೆ. ಇದರ ಕಥೆ ಸಮುದ್ರದಲ್ಲಿ ಆರಂಭವಾಗುತ್ತದೆ. ೧೯೦೧ರಲ್ಲಿ ಮೊನಾಕೋ ದೇಶದ ರಾಜಕುಮಾರನ ನೌಕೆಯಲ್ಲಿ ಷಾರ್ಲ್ ರಿಷೆ ಮತ್ತು ಪಾಲ್ ಪೋರ್ಟಿಯೆ ಎಂಬ ಇಬ್ಬರು ಫ್ರೆಂಚ್ ವಿಜ್ಞಾನಿಗಳು ಕಡಲಜೀವಿಗಳ ವಿಷವನ್ನು ಅಭ್ಯಸಿಸುತ್ತಿದ್ದರು. ಪ್ಯಾರಿಸ್ಸಿಗೆ ಮರಳಿದ ಮೇಲೆ ಅವರು ನಾಯಿಗಳಿಗೆ ಕಡಲಹೂವೆಂಬ ಪ್ರಾಣಿಯ ವಿಷವನ್ನು ಅಲ್ಪ ಪ್ರಮಾಣದಲ್ಲಿ ಚುಚ್ಚಿ, ಕ್ರಮೇಣ ಅವುಗಳಿಗೆ ಸಹನಶಕ್ತಿ ಬರುವುದೆಂದು ನಿರೀಕ್ಷಿಸಿದರು. ಆದದ್ದು ವಿಪರೀತ. ಕೆಲವು ವಾರಗಳ ತರುವಾಯ ಎರಡನೆಯ ಸಲ ಚುಚ್ಚಿದಾಗ, ಆರೋಗ್ಯವಾಗಿದ್ದ ನಾಯಿ ಅರ್ಧ ಗಂಟೆಯೊಳಗೆ ಸತ್ತುಹೋಯಿತು. ರಕ್ಷಣೆಗೆ ವಿರುದ್ಧವಾದ ಸ್ಥಿತಿ ಎಂಬ ಅರ್ಥದಲ್ಲಿ ಅವರು ೧೯೦೨ರಲ್ಲಿ ಇದಕ್ಕೆ ಅನಾಫಿಲಾಕ್ಸಿಸ್ ಎಂದು ಹೆಸರಿಟ್ಟರು. ರಿಷೆಗೆ ೧೯೧೩ರಲ್ಲಿ ನೊಬೆಲ್ ಪಾರಿತೋಷಿಕ ದೊರೆಯಿತು.

ನಾಯಿಗೆ ಆದದ್ದೇ ಕಡಲೆಕಾಯಿ ಆಗದ ಹುಡುಗನಿಗೂ ಆಗುವುದು. ನಮ್ಮ ದೇಹದ ರಕ್ಷಕಪಡೆ ಹೊರಗಿನ ಪ್ರೋಟೀನುಗಳನ್ನು ಗುರುತಿಸಲು ಪ್ರತಿಕಾಯಗಳೆಂಬ ಅಣುಗಳನ್ನು ತಯಾರಿಸುತ್ತದೆ. ಅವುಗಳಲ್ಲಿ ಐಜಿಇ ಎಂಬ ವರ್ಗವೊಂದಿದೆ. ಅಮೆರಿಕದಲ್ಲಿ ಇಷಿಜಾಕ ದಂಪತಿಗಳೂ ಸ್ವೀಡನ್ನಿನಲ್ಲಿ ಯೋಹಾನ್ಸನ್ ಮತ್ತು ಬೆನ್ನಿಕ್ ಎಂಬವರೂ ಸ್ವತಂತ್ರವಾಗಿ ಇದನ್ನು ಕಂಡುಹಿಡಿದರು. ೧೯೬೮ರಲ್ಲಿ ಅದಕ್ಕೆ ಈ ಹೆಸರಾಯಿತು. ನಿರಪರಾಧಿಯಾದ ಕಡಲೆಕಾಯಿಯ ಪ್ರೋಟೀನನ್ನು ಶತ್ರುವೆಂದು ಭ್ರಮಿಸಿದ ದೇಹ ಅದಕ್ಕೆ ತಕ್ಕ ಐಜಿಇಯನ್ನು ತಯಾರಿಸಿ, ಚರ್ಮ, ಗಂಟಲು, ಶ್ವಾಸನಾಳ, ಕರುಳು ಇವುಗಳ ಗೋಡೆಗಳಲ್ಲಿರುವ ಮಾಸ್ಟ್ ಕೋಶಗಳ ಮೇಲೆ ಮದ್ದು ತುಂಬಿದ ಬಂದೂಕುಗಳಂತೆ ಜೋಡಿಸಿ ಇಡುತ್ತದೆ. ಮುಂದೊಂದು ದಿನ ಆ ಪ್ರೋಟೀನಿನ ಲೇಶ ಒಳಹೊಕ್ಕರೆ ಸಾಕು, ಕೋಶಗಳು ಸಿಡಿದು ಹಿಸ್ಟಮೀನ್ ಮೊದಲಾದ ವಸ್ತುಗಳನ್ನು ಚೆಲ್ಲುತ್ತವೆ. ಮೈಮೇಲೆ ದದ್ದು, ತುಟಿ ನಾಲಿಗೆಗಳ ಊತ, ಗಂಟಲು ಬಿಗಿತ, ಉಬ್ಬಸ. ಕೊನೆಗೆ ರಕ್ತದ ಒತ್ತಡ ಕುಸಿದು ಎಚ್ಚರ ತಪ್ಪುತ್ತದೆ. ಇದೆಲ್ಲ ಕೆಲವೇ ನಿಮಿಷಗಳಲ್ಲಿ ಆಗಬಹುದು, ಒಂದೆರಡು ಗಂಟೆ ತಡೆದೂ ಆಗಬಹುದು.

ಒಂದು ಕಡಲೆಬೀಜದಲ್ಲಿ ಸುಮಾರು ಕಾಲು ಗ್ರಾಂ ಪ್ರೋಟೀನು ಇರುತ್ತದೆ. ಅಲರ್ಜಿಯಿರುವವರಲ್ಲಿ ಕೆಲವರಿಗೆ ಅದರ ನೂರನೆಯ ಒಂದು ಪಾಲು ಸಾಕಾಗುತ್ತದೆ. ಆದುದರಿಂದ “ಬೀಜಗಳನ್ನು ಆರಿಸಿ ತೆಗೆದು ಚಿತ್ರಾನ್ನ ಬಡಿಸಿದ್ದೇನೆ” ಎಂಬ ಸಮಾಧಾನ ಇಲ್ಲಿ ನಡೆಯದು. ಹುರಿದರೆ ದೋಷ ಹೋಗುವುದೆಂದು ನಂಬುವವರೂ ಇದ್ದಾರೆ. ಹುರಿದ ಬೀಜದ ಅಲರ್ಜಿಕಾರಕ ಶಕ್ತಿ ಕಡಿಮೆಯಾಗುವುದಿರಲಿ, ಹೆಚ್ಚುವುದೇ ಉಂಟು. ಪುಳಿಯೋಗರೆಯ ಗೊಜ್ಜು, ಎಣ್ಣೆಗಾಯಿಯ ಮಸಾಲೆ, ಉತ್ತರ ಕರ್ನಾಟಕದ ಶೇಂಗಾ ಚಟ್ನಿಪುಡಿ ಮತ್ತು ಶೇಂಗಾ ಹೋಳಿಗೆ ಇವೆಲ್ಲ ಗೊತ್ತಿರುವ ನೆಲೆಗಳು. ಗೊತ್ತಿಲ್ಲದ ನೆಲೆ ಎಣ್ಣೆ. ಕಾರ್ಖಾನೆಯಲ್ಲಿ ಚೆನ್ನಾಗಿ ಶುದ್ಧೀಕರಿಸಿದ ಕಡಲೆಕಾಯೆಣ್ಣೆಯಲ್ಲಿ ಪ್ರೋಟೀನು ಬಹುಮಟ್ಟಿಗೆ ಹೋಗಿರುತ್ತದೆ. ಈಗ ಮತ್ತೆ ಜನಪ್ರಿಯವಾಗಿರುವ ಗಾಣದ ಎಣ್ಣೆಯಲ್ಲಿ ಅದು ಉಳಿದಿರುತ್ತದೆ. ಕೈಯನ್ನು ಬರಿಯ ನೀರಿನಲ್ಲಿ ತೊಳೆದರೆ ಕಡಲೆಕಾಯಿಯ ಅಂಶ ಪೂರ್ತಿ ಹೋಗುವುದಿಲ್ಲ, ಸಾಬೂನು ಬೇಕು.

ಇಷ್ಟು ಹೇಳಿದ ಮೇಲೆ ಒಂದು ಸಮಾಧಾನದ ಮಾತನ್ನೂ ಹೇಳಬೇಕು. ಮೈಸೂರು ಬೆಂಗಳೂರುಗಳ ವಯಸ್ಕರನ್ನು ಕುರಿತು ನಡೆದು ೨೦೧೬ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ರಕ್ತಪರೀಕ್ಷೆ ಮಾಡಿಸಿಕೊಂಡವರಲ್ಲಿ ಶೇಕಡ ೨೬ರಷ್ಟು ಮಂದಿಯಲ್ಲಿ ಯಾವುದಾದರೊಂದು ಆಹಾರಕ್ಕೆ ಐಜಿಇ ಪ್ರತಿಕಾಯ ಕಂಡುಬಂದಿತು. ಆದರೆ ನಿಜವಾಗಿ ತಿಂದಾಗ ಅಲರ್ಜಿ ಇರಬಹುದಾದವರು ಶೇಕಡ ೧ಕ್ಕೆ ಸ್ವಲ್ಪ ಮೇಲೆ ಮಾತ್ರ. ರಕ್ತದಲ್ಲಿ ಪ್ರತಿಕಾಯವಿದ್ದ ಮಾತ್ರಕ್ಕೆ ಊಟ ವಿಷವಾಗದು. ಬದನೆಕಾಯಿ ನಂಜು ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದನ್ನು ನಕ್ಕು ಬಿಟ್ಟವರು ಅನೇಕರು. ೨೦೦೮ರಲ್ಲಿ ಪ್ರಕಟವಾದ ಮೈಸೂರಿನ ಸಂಶೋಧನೆಯೊಂದು ಕೆಲವರಲ್ಲಿ ಬದನೆಯ ಅಲರ್ಜಿ ವಾಸ್ತವವೆಂದು ತೋರಿಸಿತು. ಅತಿಥಿ “ನಂಜು” ಎಂದಾಗ ವಾದಕ್ಕೆ ಇಳಿಯದಿರುವುದೇ ಲೇಸು.

ಇನ್ನು ಗೋಧಿ. ಮೈದಾ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಉಂಡೆ ಮಾಡಿ, ನೀರಿನಲ್ಲಿ ಹಿಸುಕುತ್ತ ತೊಳೆಯಿರಿ. ಬಿಳಿಯ ಪಿಷ್ಟವೆಲ್ಲ ಹಾಲಿನಂತೆ ಹರಿದುಹೋಗಿ ಕೈಯಲ್ಲಿ ರಬ್ಬರಿನಂಥ ಮುದ್ದೆ ಉಳಿಯುತ್ತದೆ. ಅದೇ ಗ್ಲೂಟೆನ್. ಹೋಳಿಗೆಯ ಕಣಕ ಹರಿಯದೆ ಎಳೆಯುವುದಕ್ಕೆ, ಚಪಾತಿ ಉಬ್ಬುವುದಕ್ಕೆ ಇದೇ ಕಾರಣ. ಬಾರ್ಲಿ, ರೈ ಧಾನ್ಯಗಳಲ್ಲಿಯೂ ಇದರ ಬಂಧುಗಳಿವೆ. ಅಕ್ಕಿ, ರಾಗಿ, ಜೋಳ, ನವಣೆಗಳಲ್ಲಿ ಇಲ್ಲ.

ಸೀಲಿಯಾಕ್ ಎಂಬ ರೋಗದ ಮಕ್ಕಳು ಹೊಟ್ಟೆಯುಬ್ಬಿ, ಕೈಕಾಲು ಸಣ್ಣಗಾಗಿ, ಭೇದಿಯಿಂದ ಕ್ಷೀಣಿಸುತ್ತಿದ್ದುದನ್ನು ವೈದ್ಯರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ವರ್ಣಿಸಿದ್ದರು. ಕಾರಣ ಮಾತ್ರ ತಿಳಿದಿರಲಿಲ್ಲ. ಹಾಲೆಂಡಿನ ಹೇಗ್ ನಗರದ ಮಕ್ಕಳ ವೈದ್ಯ ವಿಲ್ಲೆಂ ಡಿಕೆ ಎಂಬಾತನಿಗೆ ಗೋಧಿಯ ಮೇಲೆ ಎರಡನೆಯ ಮಹಾಯುದ್ಧಕ್ಕೆ ಮೊದಲೇ ಅನುಮಾನ ಹುಟ್ಟಿತ್ತು. ೧೯೪೪-೪೫ರ ಚಳಿಗಾಲದಲ್ಲಿ ಜರ್ಮನ್ ದಿಗ್ಬಂಧನದಿಂದ ಆ ದೇಶಕ್ಕೆ ಕ್ಷಾಮ ಬಂದೆರಗಿತು. ಜನ ಟ್ಯೂಲಿಪ್ ಹೂವಿನ ಗಡ್ಡೆಗಳನ್ನು ಬೇಯಿಸಿ ತಿಂದರು. ಸಾವಿರಾರು ಮಂದಿ ಸತ್ತರು. ಊರಿಗೆ ಊರೇ ಸೊರಗುತ್ತಿದ್ದಾಗ ಸೀಲಿಯಾಕ್ ಮಕ್ಕಳು ಮಾತ್ರ ಚೇತರಿಸಿಕೊಳ್ಳತೊಡಗಿದರು! ಯುದ್ಧ ಮುಗಿದು ರೊಟ್ಟಿ ಮರಳಿದೊಡನೆ ಅವರ ರೋಗವೂ ಮರಳಿತು. ಡಿಕೆ ಈ ವಿಷಯವನ್ನು ಕ್ರಮಬದ್ಧವಾಗಿ ಪರೀಕ್ಷಿಸಿ ೧೯೫೦ರಲ್ಲಿ ತನ್ನ ಪ್ರಬಂಧವನ್ನು ಒಪ್ಪಿಸಿದ. ಸಣ್ಣ ಕರುಳಿನ ಒಳಗೋಡೆಯಲ್ಲಿ ಆಹಾರವನ್ನು ಹೀರುವ ಬೆರಳಿನಂಥ ಸೂಕ್ಷ್ಮ ಚಾಚುಗಳಿವೆ. ಈ ರೋಗದಲ್ಲಿ ಗ್ಲೂಟೆನ್ ಬಿದ್ದಾಗ ದೇಹದ ರಕ್ಷಕಪಡೆ ತನ್ನ ಕರುಳಿನ ಮೇಲೆಯೇ ಯುದ್ಧ ಹೂಡಿ ಆ ಚಾಚುಗಳನ್ನು ನೆಲಸಮ ಮಾಡುತ್ತದೆ.

ಇಲ್ಲಿಯೂ ಲೇಶದ ಲೆಕ್ಕವೇ. ದಿನಕ್ಕೆ ೫೦ ಮಿಲಿಗ್ರಾಂ ಗ್ಲೂಟೆನ್ ಮೂರು ತಿಂಗಳು ಒಳಹೊಕ್ಕರೆ ಕರುಳು ಕೆಡುವುದೆಂದು ೨೦೦೭ರ ಪರೀಕ್ಷೆಯೊಂದು ತೋರಿಸಿತು. ೫೦ ಮಿಲಿಗ್ರಾಂ ಎಂದರೆ ಒಂದು ಚಪಾತಿಯಲ್ಲಿರುವ ಗ್ಲೂಟೆನ್ನಿನ ಐವತ್ತನೆಯ ಒಂದು ಪಾಲು. ಕಡಲೆಕಾಯಿಯ ಅಲರ್ಜಿಯಂತೆ ಇದು ನಿಮಿಷಗಳಲ್ಲಿ ಕೊಲ್ಲುವುದಿಲ್ಲ. ನಿಧಾನವಾಗಿ ಹಾನಿ ಮಾಡುತ್ತದೆ. ಅತಿಥಿ ನಗುತ್ತ ಊಟ ಮುಗಿಸಿ ಹೋದರೆಂಬುದರಿಂದ ಏನೂ ಸಿದ್ಧಪಡುವುದಿಲ್ಲ. ಭಾರತದಲ್ಲಿ ೨೦೧೬ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಉತ್ತರದಲ್ಲಿ ನೂರರಲ್ಲಿ ಒಬ್ಬರಿಗಿಂತ ಸ್ವಲ್ಪ ಹೆಚ್ಚು, ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರು ಈ ರೋಗದವರು. ಅಪರೂಪವಾದುದರಿಂದಲೇ ನಮ್ಮ ಅಡಿಗೆಮನೆಗಳಲ್ಲಿ ಇದರ ಅರಿವು ಕಡಿಮೆ.

ನನ್ನ ಮನೆಯಲ್ಲಿ ನಡೆದುದನ್ನೇ ಹೇಳುತ್ತೇನೆ. ದೆಹಲಿಯ ಕಡೆಯ ಸ್ನೇಹಿತರೊಬ್ಬರನ್ನು ಊಟಕ್ಕೆ ಕರೆದಿದ್ದೆವು. ಅವರು ಸೀಲಿಯಾಕ್ ರೋಗಿ ಎಂಬುದು ತಿಳಿದಿತ್ತು. ನಮ್ಮದು ಅನ್ನದ ಊಟ, ಚಪಾತಿ ಹೋಳಿಗೆಗಳನ್ನು ಬಿಟ್ಟರಾಯಿತು ಎಂದು ಹೆಮ್ಮೆಯಿಂದ ಸಾರು, ಹುಳಿ, ಕೋಸಂಬರಿ, ಪಲ್ಯ, ಗೊಜ್ಜು ಎಲ್ಲವನ್ನೂ ಸಿದ್ಧಪಡಿಸಿದ್ದಾಯಿತು. ಎಲೆಯ ಮುಂದೆ ಕುಳಿತ ಅವರು ಬಹು ಸಂಕೋಚದಿಂದ, “ನಿಮ್ಮ ಮನೆಯ ಇಂಗಿನ ಡಬ್ಬಿಯನ್ನು ಒಮ್ಮೆ ನೋಡಬಹುದೇ?” ಎಂದು ಕೇಳಿದರು. ತಂದುಕೊಟ್ಟೆವು. ಡಬ್ಬಿಯ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಗೋಧಿಹಿಟ್ಟಿನ ಹೆಸರಿತ್ತು. ಶುದ್ಧವಾದ ಇಂಗು ಗಿಡದ ಬೇರಿನಿಂದ ಒಸರುವ ಅತಿ ತೀಕ್ಷ್ಣವಾದ ಅಂಟು. ಅದನ್ನು ಹಾಗೆಯೇ ಬಳಸಲಾಗದೆಂದು ಅರೇಬಿಕ್ ಗೋಂದು, ಮೈದಾ ಅಥವಾ ಅಕ್ಕಿಹಿಟ್ಟು ಬೆರೆಸಿ ಮಾರುತ್ತಾರೆ. ಒಂದು ಪಾತ್ರೆಯ ಸಾರಿನಲ್ಲಿ ಒಬ್ಬರ ಪಾಲಿಗೆ ಬರುವುದು ಕೆಲವೇ ಮಿಲಿಗ್ರಾಂ ಇರಬಹುದು. ಆದರೆ ನಮ್ಮ ಹಬ್ಬದ ಊಟದಲ್ಲಿ ಇಂಗು ಬೀಳದ ಪದಾರ್ಥ ಯಾವುದು? ಹುಳಿಗೆ, ಸಾರಿಗೆ, ಕೋಸಂಬರಿಯ ಒಗ್ಗರಣೆಗೆ, ಉಪ್ಪಿನಕಾಯಿಗೆ, ಹಪ್ಪಳಕ್ಕೆ, ಕೊನೆಗೆ ನೀರುಮಜ್ಜಿಗೆಗೂ! ಅಷ್ಟು ಪದಾರ್ಥಗಳ ನಡುವೆ ಕುಳಿತು ಅವರು ಅನ್ನ, ತುಪ್ಪ, ಗಟ್ಟಿ ಮೊಸರು, ಬಾಳೆಹಣ್ಣು ಇಷ್ಟರಲ್ಲಿಯೇ ಊಟ ಮುಗಿಸಿದರು. ನಮ್ಮನ್ನು ಸಮಾಧಾನಪಡಿಸುವ ಭಾರವೂ ಅವರ ಮೇಲೆಯೇ ಬಿದ್ದಿತು. ಅಂದಿನಿಂದ ನಾವು ತಿಳಿದುಕೊಂಡ ಇನ್ನೊಂದು ಸಂಗತಿ: ರಾಗಿ ಸ್ವತಃ ನಿರ್ದೋಷಿಯಾದರೂ ಗೋಧಿಯನ್ನು ಬೀಸಿದ ಗಿರಣಿಯಲ್ಲಿಯೇ ಬೀಸಿದ ರಾಗಿಹಿಟ್ಟು ನಿರ್ದೋಷಿಯಲ್ಲ. ಪೂರಿ ಕರಿದ ಎಣ್ಣೆಯಲ್ಲಿ ಕರಿದ ಸಂಡಿಗೆಯೂ ಹಾಗೆಯೇ. ಕಾದ ಎಣ್ಣೆ ಗ್ಲೂಟೆನ್ನನ್ನು ಸುಟ್ಟುಬಿಡುವುದಿಲ್ಲ.

ಮಧುಮೇಹಿಗಳ ಪ್ರಶ್ನೆ ಇವೆಲ್ಲಕ್ಕಿಂತ ವ್ಯಾಪಕ. ೨೦೨೩ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ ಸುಮಾರು ೧೦ ಕೋಟಿ ಜನ ಮಧುಮೇಹಿಗಳಿದ್ದಾರೆ. ಹತ್ತು ಜನ ವಯಸ್ಕರ ಪಂಕ್ತಿಯಲ್ಲಿ ಒಬ್ಬರಾದರೂ ಇದ್ದಾರೆಂದೇ ಎಣಿಸಬೇಕು. ಇವರ ವಿಷಯದಲ್ಲಿ ಲೇಶಕ್ಕೆ ಹೆದರಬೇಕಾಗಿಲ್ಲ. ಒಟ್ಟು ಎಷ್ಟು ಶರ್ಕರಪಿಷ್ಟ ಹೊಟ್ಟೆಗೆ ಹೋಯಿತೆಂಬುದೇ ಲೆಕ್ಕ. “ಸಕ್ಕರೆಯಲ್ಲ, ಬೆಲ್ಲದ್ದು” ಎಂಬ ಉಪಚಾರ ಅರ್ಥಹೀನ. ಬೆಲ್ಲದ ಬಹುಭಾಗ ಸಕ್ಕರೆಯೇ. ರಾಗಿಯಲ್ಲಿ ನಾರು ಮತ್ತು ಸುಣ್ಣದ ಅಂಶ ಹೆಚ್ಚೆಂಬುದು ದಿಟ, ಆದರೆ ಅದರ ತೂಕದಲ್ಲಿಯೂ ಶೇಕಡ ೭೦ರ ಆಸುಪಾಸಿನಷ್ಟು ಶರ್ಕರಪಿಷ್ಟವೇ. ಪಾಯಸವನ್ನು ಬಡಿಸದೆ ಅವಮಾನಿಸಿ, ಅನ್ನವನ್ನು ಮೂರು ಸಲ ಬಲವಂತದಿಂದ ಹಾಕುವುದನ್ನು ನಾವು ದಿನವೂ ಕಾಣುತ್ತೇವೆ. ಒಂದು ಚಮಚ ಪಾಯಸ, ಹೆಚ್ಚು ಕೋಸಂಬರಿ ಮತ್ತು ಪಲ್ಯ, ಕಡಿಮೆ ಅನ್ನ ಎಂಬುದು ಇದಕ್ಕಿಂತ ವಿವೇಕದ ಎಲೆ.

ಆದರೆ ಗೃಹಸ್ಥನ ಕೈಯಲ್ಲಿರುವ ನಿಜವಾದ ಅಪಾಯ ಗಡಿಯಾರದ್ದು. ಕೆಲವರು ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ, ಇಲ್ಲವೆ ಇನ್ಸುಲಿನನ್ನು ಹೊರಡಿಸುವ ಗುಳಿಗೆಯನ್ನು ನುಂಗುತ್ತಾರೆ. ಔಷಧ ತನ್ನ ವೇಳೆಗೆ ಸರಿಯಾಗಿ ರಕ್ತದ ಸಕ್ಕರೆಯನ್ನು ಇಳಿಸತೊಡಗುತ್ತದೆ. ಊಟ ಮಾತ್ರ “ಇನ್ನೊಂದು ಹತ್ತು ನಿಮಿಷ” ಎನ್ನುತ್ತ ಎರಡೂವರೆಗೆ ಬರುತ್ತದೆ. ಪುರೋಹಿತರ ಮಂತ್ರ ಮುಗಿದಿರುವುದಿಲ್ಲ, ಮೊದಲ ಪಂಕ್ತಿಯೇ ಎದ್ದಿರುವುದಿಲ್ಲ. ಬೆವರು, ಕೈನಡುಕ, ಎದೆಬಡಿತ, ಮಾತಿನಲ್ಲಿ ಗೊಂದಲ, ಸಿಡಿಮಿಡಿ ಕಾಣಿಸಿಕೊಂಡರೆ ರಕ್ತದ ಸಕ್ಕರೆ ಕುಸಿಯುತ್ತಿದೆ ಎಂದೇ ತಿಳಿಯಬೇಕು. ಆಗ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕೂಡಲೇ ಕುಡಿಸಬೇಕು. ಕಾಲು ಗಂಟೆಯಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕದೆ ವೈದ್ಯರ ಬಳಿಗೆ ಒಯ್ಯಬೇಕು.

ಮೂತ್ರಪಿಂಡಗಳು ಸೋತವರ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ಅವರ ರಕ್ತದಲ್ಲಿ ಪೊಟಾಸಿಯಂ ಏರಿದರೆ ಹೃದಯದ ಬಡಿತ ಹದ ತಪ್ಪುತ್ತದೆ. ಆದರಾತಿಥ್ಯದ ಸಂಕೇತವೇ ಆದ ಎಳನೀರು ಮತ್ತು ಬಾಳೆಹಣ್ಣು ಎರಡೂ ಪೊಟಾಸಿಯಮ್ಮಿನ ಗಣಿಗಳು. ಉಪ್ಪಿಗೆ ಬದಲಾಗಿ ಮಾರುವ ಕೆಲವು ‘ಕಡಿಮೆ ಸೋಡಿಯಂ’ ಉಪ್ಪುಗಳಲ್ಲಿಯೂ ಪೊಟಾಸಿಯಂ ಕ್ಲೋರೈಡು ಇರುತ್ತದೆ; ರಕ್ತದೊತ್ತಡದವರಿಗೆ ಹಿತವೆಂದು ತಂದದ್ದು ಪಕ್ಕದ ಎಲೆಯವರಿಗೆ ಅಹಿತವಾಗುತ್ತದೆ. ಕರಾವಳಿಯ ಮನೆಗಳಲ್ಲಿ ಉಪ್ಪಿನಕಾಯಿ ಹಾಕುವ ದಾರೆಹುಳಿ, ಎಂದರೆ ಕಮರಾಕ್ಷಿ ಹಣ್ಣು, ಇವರಿಗೆ ನೇರವಾದ ವಿಷ. ಅದರಲ್ಲಿರುವ ಕ್ಯಾರಂಬಾಕ್ಸಿನ್ ಎಂಬ ನರವಿಷವನ್ನು ೨೦೧೩ರಲ್ಲಿ ಬ್ರೆಜಿಲಿನ ವಿಜ್ಞಾನಿಗಳು ಬೇರ್ಪಡಿಸಿ ಗುರುತಿಸಿದರು. ಆರೋಗ್ಯವಂತರ ಮೂತ್ರಪಿಂಡ ಅದನ್ನು ಹೊರಹಾಕುತ್ತದೆ; ಸೋತ ಮೂತ್ರಪಿಂಡ ಹಾಕಲಾರದೆ ಬಿಕ್ಕಳಿಕೆ, ಮತಿಭ್ರಮೆ, ಅಪಸ್ಮಾರಗಳು ತಲೆದೋರುತ್ತವೆ.

ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರ, ಗಡ್ಡೆಗೆಣಸುಗಳನ್ನು ಮುಟ್ಟದ ಜೈನರ, ಹಲಾಲ್ ಅಲ್ಲದ ಮಾಂಸವನ್ನು ಒಲ್ಲದ ಮುಸಲ್ಮಾನರ ವಿಷಯಕ್ಕೆ ಈಗ ಬರಬಹುದು. ಇವರ ದೇಹಕ್ಕೆ ಅಪಾಯವಿಲ್ಲವೆಂದು ಇವರನ್ನು ‘ಪ್ರಮಾಣ’ದ ಗುಂಪಿಗೆ ಸೇರಿಸುವವರು ತಪ್ಪು ಮಾಡುತ್ತಾರೆ. “ಸ್ವಲ್ಪವೇ ಈರುಳ್ಳಿ ಬಿದ್ದಿದೆ” ಎಂಬುದು ವ್ರತಸ್ಥರಿಗೆ ಸಮಾಧಾನವಲ್ಲ. ಅಡಿಗೆಮನೆಯ ಮಟ್ಟಿಗೆ ಇವರು ಕಡಲೆಕಾಯಿಯ ಹುಡ��ಗನ, ಸೀಲಿಯಾಕ್ ರೋಗಿಯ ಸಾಲಿನವರು, ಲೇಶವೂ ಕೂಡದು. ಸೂರ್ಯಾಸ್ತಕ್ಕೆ ಮುಂಚೆ ಉಣ್ಣುವ ಜೈನರಂತೂ ಮಧುಮೇಹಿಗಳೊಡನೆ ಗಡಿಯಾರದ ಸಾಲಿನಲ್ಲಿಯೂ ಸೇರುತ್ತಾರೆ. ಅಂಥವರನ್ನು ರಾತ್ರಿ ಎಂಟು ಗಂಟೆಗೆ ಕರೆಯುವುದೂ ಒಂದೇ, ಕರೆಯದಿರುವುದೂ ಒಂದೇ.

ಹೀಗೆ ವಿಂಗಡಿಸಿಕೊಂಡ ಮೇಲೆ ಅಡಿಗೆಯ ಕ್ರಮ ತಾನಾಗಿ ಒದಗುತ್ತದೆ. ಪ್ರಮಾಣದವರಿಗಾಗಿ ಬೇರೆ ಅಡಿಗೆ ಬೇಕಿಲ್ಲ. ಬಡಿಸುವಾಗ ಕೈ ಹಿಡಿದರೆ ಸಾಕು. ಲೇಶದವರ ಅಡಿಗೆಯನ್ನು ಬೆಳಿಗ್ಗೆ ಎಲ್ಲಕ್ಕಿಂತ ಮೊದಲು, ತೊಳೆದ ಪಾತ್ರೆಗಳಲ್ಲಿ, ಹೊಸ ಎಣ್ಣೆಯಲ್ಲಿ ಮಾಡಿ ಮುಚ್ಚಿ ಪ್ರತ್ಯೇಕವಾಗಿಟ್ಟು, ಅದಕ್ಕೊಂದು ಸೌಟನ್ನು ಮೀಸಲಿಡಬೇಕು. ಗೋಧಿ ಕಡಲೆಕಾಯಿಗಳ ಸರದಿ ಕೊನೆಗೆ. ನಮ್ಮ ಪಂಕ್ತಿಯ ದೌರ್ಬಲ್ಯ ಬಡಿಸುವವರ ಕೈ. ಚಿತ್ರಾನ್ನದ ಸೌಟೇ ಕೋಸಂಬರಿಯ ಪಾತ್ರೆಗೆ ಇಳಿಯುತ್ತದೆ; ಹೋಳಿಗೆ ಮುಟ್ಟಿದ ಕೈಯೇ ಸಂಡಿಗೆಯನ್ನು ಹಂಚುತ್ತದೆ. ಮಡಿ-ಮುಸುರೆಯ ಕಾಲದ ಹಿರಿಯರು ಸೌಟು ಬೆರೆಯದಂತೆ ನೋಡಿಕೊಳ್ಳುವುದರಲ್ಲಿ ನಮಗಿಂತ ನಿಪುಣರಾಗಿದ್ದರು. ಆ ಪದ್ಧತಿ ಮನುಷ್ಯರನ್ನು ಮನುಷ್ಯರಿಂದ ದೂರವಿಟ್ಟದ್ದು ತೊಲಗಲಿ. ಸೌಟನ್ನು ಸೌಟಿನಿಂದ ದೂರವಿಡುವ ಅಭ್ಯಾಸ ಮಾತ್ರ ಉಳಿಯಲಿ. ಅಲರ್ಜಿಯ ಅತಿಥಿಗೆ ಪಂಕ್ತಿಯ ಮೊದಲನೆಯ ಎಲೆಯನ್ನು ಕೊಟ್ಟು, ಮನೆಯವರೇ ಒಬ್ಬರು ಬಡಿಸಿದರೆ ಅರ್ಧ ಭಯ ನಿವಾರಣೆಯಾಗುತ್ತದೆ. ಅಂಗಡಿಯಿಂದ ತಂದ ಪೊಟ್ಟಣಗಳನ್ನು ಊಟ ಮುಗಿಯುವವರೆಗೆ ಎಸೆಯಬಾರದು. ಗ್ಲೂಟೆನ್ ಇರುವ ಧಾನ್ಯ, ಹಾಲು, ಕಡಲೆಕಾಯಿ, ಸೋಯಾ, ಮೊಟ್ಟೆ, ಮೀನು ಮೊದಲಾದವು ಇದ್ದರೆ ಹೊದಿಕೆಯ ಮೇಲೆ ನಮೂದಿಸಬೇಕೆಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ ೨೦೨೦ರ ನಿಯಮಗಳು ವಿಧಿಸಿವೆ. ಅತಿಥಿ ಕೇಳಿದರೆ ತೋರಿಸಬಹುದು.

ಎಲ್ಲರಿಗೂ ಒಪ್ಪುವ ಒಂದು ಸಿಹಿಯಾದರೂ ಇದೆಯೇ ಎಂದು ಕೇಳುವವರಿಗೆ ಕಾಯಿಹಾಲು ಬೆರೆಸಿದ ಕಡಲೆಬೇಳೆ ಪಾಯಸ ಹತ್ತಿರ ಹತ್ತಿರ ಬರುತ್ತದೆ. ಹಾಲಿಲ್ಲ, ಗೋಧಿಯಿಲ್ಲ, ನೆಲಗಡಲೆಯಿಲ್ಲ. ಗೋಡಂಬಿಯನ್ನು ಬಿಟ್ಟರೆ ಇನ್ನೂ ನಿರ್ಭಯ. ಮಧುಮೇಹಿಗೆ ಒಂದು ಚಮಚ. ಮೂತ್ರಪಿಂಡದ ರೋಗಿಗೆ ಅದೂ ಬೇಡ, ಅವರಿಗೆ ಮೊದಲೇ ಕೇಳಿ ಬೇರೊಂದನ್ನು ಮಾಡಬೇಕು.

ಕೇಳುವುದನ್ನು ಎಲೆಯ ಮುಂದೆ ಕೇಳಬಾರದು, ಎರಡು ಮೂರು ದಿನ ಮುಂಚೆ ದೂರವಾಣಿಯಲ್ಲಿ ಕೇಳಬೇಕು. “ನಿಮಗೆ ಏನು ಆಗುವುದಿಲ್ಲ?” ಎಂದಷ್ಟೇ ಕೇಳಿದರೆ ಸಾಲದು. ಅದು ಒಂದು ಚೂರು ಬೆರೆತರೂ ತೊಂದರೆಯೇ, ತಪ್ಪಿ ತಿಂದರೆ ಏನಾಗುತ್ತದೆ, ಆಗ ನಾವೇನು ಮಾಡಬೇಕು, ನೀವು ಎಷ್ಟು ಗಂಟೆಗೆ ಉಣ್ಣುತ್ತೀರಿ ಎಂದು ಕೇಳಬೇಕು. ತೀವ್ರ ಅಲರ್ಜಿಯಿರುವವರು ಅಡ್ರಿನಲಿನ್ ಚುಚ್ಚುಮದ್ದನ್ನು ಜೊತೆಯಲ್ಲಿ ಇಟ್ಟುಕೊಂಡಿದ್ದರೆ ಅದು ಯಾವ ಚೀಲದಲ್ಲಿದೆ ಎಂಬುದು ಮನೆಯವರಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು. ಉಸಿರು ಕಟ್ಟುವ ಲಕ್ಷಣ ಕಂಡೊಡನೆ ಅದನ್ನು ತೊಡೆಯ ಹೊರಭಾಗದ ಮಾಂಸಖಂಡಕ್ಕೆ ಚುಚ್ಚಬೇಕು. ನವೆಯ ಗುಳಿಗೆ ಅದರ ಕೆಲಸವನ್ನು ಮಾಡಲಾರದು. ರೋಗಿಯನ್ನು ನಿಲ್ಲಿಸದೆ, ನಡೆಸದೆ, ಕಾಲುಗಳನ್ನು ಎತ್ತರಿಸಿ ಮಲಗಿಸಬೇಕು; ಉಸಿರಾಟ ಕಷ್ಟವಾದರೆ ಕುಳ್ಳಿರಿಸಬಹುದು. ೧೦೮ಕ್ಕೆ ಕರೆಮಾಡಿ ಆಸ್ಪತ್ರೆಗೆ ಸೇರಿಸಲೇಬೇಕು, ಏಕೆಂದರೆ ಇಳಿದಂತೆ ಕಂಡ ಲಕ್ಷಣಗಳು ಕೆಲವು ಗಂಟೆಗಳ ಮೇಲೆ ಮರುಕಳಿಸುವುದುಂಟು.

ನಮ್ಮ ದೆಹಲಿಯ ಸ್ನೇಹಿತರು ಮರುವರ್ಷ ಮತ್ತೆ ಬಂದರು. ಆ ಸಲ ಸಾರಿಗೂ ಹುಳಿಗೂ ಇಂಗನ್ನು ಬಿಟ್ಟು, ತುಪ್ಪದಲ್ಲಿ ಜೀರಿಗೆ, ಕರಿಬೇವು, ಒಣಮೆಣಸಿನಕಾಯಿಯ ಒಗ್ಗರಣೆ ಹಾಕಿದ್ದೆವು. ಸಾರಿನಪುಡಿಯನ್ನೂ ಇಂಗಿಲ್ಲದೆ ಮನೆಯಲ್ಲಿಯೇ ಕುಟ್ಟಿದ್ದಾಯಿತು. ಡಬ್ಬಿಯನ್ನು ಅವರು ಕೇಳಲಿಲ್ಲ. ಸಾರನ್ನು ಮೂರು ಸಲ ಹಾಕಿಸಿಕೊಂಡರು.